ಗೊಟಗೋಡಿಯಲ್ಲಿ ಜಾಕ್ ಏರಿತು, ಗಾಡಿ ಏರಲಿಲ್ಲ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಕಾರಿನಲ್ಲಿ ಹೋದವರೆಲ್ಲ ಗೊಟಗೋಡಿಯನ್ನು ನೋಡಿಯೇ ಇರುತ್ತೀರಿ. ಹೆಸರು ನೆನಪಿರಲಿಕ್ಕಿಲ್ಲ, ಅಷ್ಟೇ. ಹಾವೇರಿ, ಬಂಕಾಪುರ, ಶಿಗ್ಗಾವಿ ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 48ರ ಬದಿಗೇ ಉತ್ಸವ ರಾಕ್ ಗಾರ್ಡನ್ ಸಿಗುತ್ತದಲ್ಲ, ಅದೇ ಊರು. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇಲ್ಲೇ. ನಮ್ಮ ಮನೆ ಶಿಗ್ಗಾವಿಯಲ್ಲಿ. ಹಾಗಾಗಿ ಮನೆಗೆ ಯಾರೇ ನೆಂಟರು ಬರಲಿ, ಸಂಜೆ ಹೊತ್ತಿಗೆ "ರಾಕ್ ಗಾರ್ಡನ್‌ಗೆ ಹೋಗೂಣೇನು?" ಅನ್ನುವುದು ವಾಡಿಕೆ.

ಕಳೆದ ದಸರಾ ರಜೆಯಲ್ಲೂ ಹಾಗೇ ಹೊರಟಿದ್ದೆವು. ಅಪ್ಪ, ಅವ್ವ, ಅಕ್ಕನ ಆರು ವರ್ಷದ ಮಗಳು, ನಾನು. ಗಾಡಿ ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ. ನಾನು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದರಲ್ಲೇ ಅಂತ ಅವ್ವ ನೂರು ಸಲ ಹೇಳಿದ್ದಾಳೆ. ಎಲ್ಲ ನೋಡಿಕೊಂಡು ಪಾರ್ಕಿಂಗ್‌ಗೆ ಬಂದರೆ ಎಡಗಡೆ ಹಿಂದಿನ ಟೈರ್ ನೆಲಕ್ಕೆ ಕೂತಿತ್ತು. ಸ್ಟೆಪ್ನಿ ಇದೆಯಲ್ಲ ಅಂತ ನಾನು ತೋಳು ಮಡಚಿದೆ. ಜಾಕ್ ಇಟ್ಟು ಹ್ಯಾಂಡಲ್ ತಿರುಗಿಸಿದೆ. ಜಾಕ್ ಮೇಲೇರಿತು. ಗಾಡಿ ಏರಲಿಲ್ಲ. ಹಪ್ಪಳ ಮುರಿದ ಹಾಗೆ ಒಂದು ಸದ್ದು. ಬಗ್ಗಿ ನೋಡಿದರೆ ಜಾಕ್‌ನ ತಲೆ ಬಾಗಿಲ ಕೆಳಗಿನ ತಗಡಿನೊಳಗೆ ತೂರಿಕೊಂಡಿತ್ತು.

ಪಕ್ಕದ ಗೂಡಂಗಡಿಯವರು ಎರಡು ಹಲಗೆ ಕೊಟ್ಟರು. ಜಾಗ ಬದಲಿಸಿ ಹೇಗೋ ಎತ್ತಿದೆವು. ಅಷ್ಟರಲ್ಲಿ ಅವ್ವ ನೀರಿನ ಬಾಟಲಿಗೆಂದು ಎಡಗಡೆಯ ಮುಂದಿನ ಬಾಗಿಲು ತೆಗೆದಳು. ಮತ್ತೆ ಹಾಕಲು ಹೋದರೆ ಬಾಗಿಲು ಕೂರಲೊಲ್ಲದು. ಜಾಕ್ ಇಳಿಸಿದ ಮೇಲೆ ಮಾತ್ರ ಕೂತಿತು.

"ಏನಾಗೂದಿಲ್ಲ ತಮ್ಮಾ, ಹಳೇ ತಗಡು ಅಷ್ಟ" ಅಂದರು ಅಪ್ಪ.

ಜಾಕ್ ಮೇಲೆ ಇದ್ದಾಗ ಬಾಗಿಲು ಹಾಕಲು ಬರುವುದಿಲ್ಲ ಅಂದರೆ ಗಾಡಿ ನಡುವಲ್ಲಿ ಬಾಗುತ್ತಿದೆ ಅಂತ ಅರ್ಥ. ಅದನ್ನು ಅಲ್ಲೇ ಹೇಳಲು ಧೈರ್ಯ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಮಗು ಕೂತಿತ್ತು. ಮನೆ ತಲುಪುವವರೆಗೆ ನಾನು ಸ್ಪೀಡೋಮೀಟರ್ 30 ದಾಟಲು ಬಿಡಲಿಲ್ಲ.

ಬೆಂಕಿಪೆಟ್ಟಿಗೆಯ ಲೆಕ್ಕ

ಜೀಪು, ಲಾರಿಗಳಿಗೆ ಕೆಳಗೆ ಬೇರೆಯೇ ಒಂದು ಚಾಸಿ ಇರುತ್ತದೆ. ಬಾಡಿ ತುಕ್ಕು ಹಿಡಿದರೂ ಭಾರ ಹೊರಲು ಅದಿರುತ್ತದೆ. ಪದ್ಮಿನಿಗೆ, ಅಂಬಾಸಿಡರ್‌ಗೆ ಹಾಗಲ್ಲ. ನೆಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಕಂಬ, ಚಾವಣಿ ಎಲ್ಲ ಸೇರಿಯೇ ಅದರ ಎಲುಬುಗೂಡು. ಬೆಂಕಿಪೆಟ್ಟಿಗೆ ಗಟ್ಟಿಯಾಗಿ ಇರುವುದು ಕಾಗದ ದಪ್ಪಗಿದೆ ಅಂತಲ್ಲ, ನಾಲ್ಕೂ ಬದಿ ಕೂಡಿವೆ ಅಂತ. ಒಂದು ಬದಿ ಕತ್ತರಿಸಿ ನೋಡಿ, ಬೆರಳಲ್ಲಿ ಒತ್ತಿದರೆ ಮಡಚಿಕೊಳ್ಳುತ್ತದೆ. ನಮ್ಮ ಪದ್ಮಿನಿಯಲ್ಲಿ ಆ ಒಂದು ಬದಿಯನ್ನು ತುಕ್ಕು ತಿಂದಿತ್ತು.

ಈ ಕಾರಿನ ಮೂಲ ಇಟಲಿಯ ಫಿಯಟ್ 1100. ಮುಂಬೈಯ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ 1964ರಿಂದ ಅದನ್ನು ಫಿಯಟ್ ಡಿಲೈಟ್ ಅಂತ, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಅಂತ, 1974ರಿಂದ ಪದ್ಮಿನಿ ಅಂತ ಮಾರಿತು. 1089 ಸಿ.ಸಿ. ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. 2000ದ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದವರೆಗೆ ಬಿಡಿಭಾಗಕ್ಕೆ ದೊಡ್ಡ ಮಾರುಕಟ್ಟೆ ಇತ್ತು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಈಗ ನಮ್ಮಂಥವರಿಗೆ ಉಳಿದಿರುವುದು ಹಳೇ ಅಂಗಡಿಗಳ ಮೂಲೆಯ ಸ್ಟಾಕು, ಇಲ್ಲವೇ ಯಾರೋ ಹಳೆಯದನ್ನು ನೋಡಿ ಹೊಸದಾಗಿ ಬಗ್ಗಿಸಿದ ನಕಲು ಭಾಗ.

"ಗುಜರಿಗೆ ಹಾಕೋಣ ಅಪ್ಪಾ" ಅಂತ ನಾನು ಒಮ್ಮೆ ಹೇಳಿದ್ದು ನಿಜ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಒಂದು ಪೇಪರ್ ಕಟಿಂಗ್ ತಂದು ಮುಂದಿಟ್ಟರು. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. "ನಂದು 2036ಕ್ಕ ಐವತ್ತು ಆಗತದ" ಅಂದರು. ಗಾಡಿಗೋ, ತಮಗೋ ಅನ್ನುವ ಹಾಗೆ ಹೇಳಿದರು. ಅಪ್ಪನಿಗೆ ಈಗಲೇ ಎಪ್ಪತ್ತರ ಮೇಲೆ.

ಹೆದ್ದಾರಿ ಬದಿಯ ಒಬ್ಬರು ಎರಡು ಕಬ್ಬಿಣದ ಆಂಗಲ್ ಹಾಕಿ ವೆಲ್ಡ್ ಮಾಡಿಕೊಡುತ್ತೇನೆ, ನಾಲ್ಕು ಸಾವಿರ ಸಾಕು ಅಂದಿದ್ದರು. ಆ ಕಟಿಂಗ್ ನೋಡಿದ ಮೇಲೆ ಆ ಮಾತು ಕೈಬಿಟ್ಟೆವು. ಮಾಡುವುದಾದರೆ ಮೂಲದ ಆಕಾರದಲ್ಲೇ ಮಾಡಬೇಕು.

ಕೊರಿಯರ್‌ನಲ್ಲಿ ಬಂದ ತಗಡು

ನಾನು ಬೆಂಗಳೂರಿಗೆ ಬಂದು ಒಂದು ತಿಂಗಳು ರಾತ್ರಿ ಹೊತ್ತು ಹುಡುಕಿದೆ. ಕೊನೆಗೆ ಒಂದು ಕಡೆ ಮೂರು ಭಾಗ ಸಿಕ್ಕವು. ಎಡ ಮತ್ತು ಬಲ ಬಾಗಿಲುಗಳ ಕೆಳಗೆ ಒಳಗಿನಿಂದ ಕೂರುವ ಎರಡು ಬಲಪಟ್ಟಿ, ಮುಂದಿನ ಸೀಟಿನ ಅಡಿಯಲ್ಲಿ ಅಡ್ಡಕ್ಕೆ ಹೋಗುವ ಒಂದು ಕ್ರಾಸ್ ಮೆಂಬರ್. ಮೂರನ್ನೂ ಶಿಗ್ಗಾವಿಯ ವಿಳಾಸಕ್ಕೇ ತರಿಸಿದೆ. ಸಂಕ್ರಾಂತಿಗೆ ಒಂದು ವಾರ ರಜೆ ಹಾಕಿದೆ.

ಟಿಂಕರಿಂಗ್ ಮಾಡುವ ಕಾಕಾ ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಶೆಡ್ಡು ಗೊಟಗೋಡಿಯಿಂದ ಸ್ವಲ್ಪ ದೂರದಲ್ಲಿ, ಹೆದ್ದಾರಿಗೆ ಹತ್ತಿರ. ಪೊಟ್ಟಣ ಬಿಚ್ಚಿ ಅವರು ಮೊದಲು ಮಾಡಿದ್ದು ಬೆರಳಲ್ಲಿ ಬಡಿದು ಸದ್ದು ಕೇಳುವುದು. "ಇವೆರಡು ಚಲೋ ಅದಾವ. ಇದು ಡಬ್ಬಿ ತಗಡು" ಅಂತ ಕ್ರಾಸ್ ಮೆಂಬರನ್ನು ಪಕ್ಕಕ್ಕೆ ಇಟ್ಟರು. ನಾನು ವರ್ನಿಯರ್ ಹಿಡಿದೆ. ಪಟ್ಟಿಗಳು 1.2 ಮಿ.ಮೀ., ಅಂದರೆ 18 ಗೇಜ್. ಕ್ರಾಸ್ ಮೆಂಬರ್ 0.7, ಅಂದರೆ 22 ಗೇಜ್. ಬೆರಳಿಗೆ ಗೊತ್ತಾದದ್ದನ್ನೇ ವರ್ನಿಯರ್ ಹೇಳಿತು.

ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಆದರೆ ಅದರ ಆಕಾರ ಸರಿ ಇತ್ತು. ಅದನ್ನೇ ಮಾದರಿ ಮಾಡಿಕೊಂಡು ಹುಬ್ಬಳ್ಳಿಯಲ್ಲಿ 18 ಗೇಜ್ ತಗಡು ಬಗ್ಗಿಸಿಕೊಂಡು ಬಂದೆವು. ಒಂದು ದಿನ ಹೋಯಿತು, ಎರಡೂವರೆ ಸಾವಿರ ಹೋಯಿತು. ನಕಲು ಭಾಗ ಕೊಳ್ಳುವವರು ಮೊದಲು ಕೇಳಬೇಕಾದದ್ದು ಬೆಲೆ ಅಲ್ಲ, ಗೇಜ್.

ತಪ್ಪು ಯಾರದು?

ಮರುದಿನ ಬೆಳಿಗ್ಗೆ ಬಲಗಡೆಯ ಪಟ್ಟಿ ಇಟ್ಟು ನೋಡಿದೆವು. ತೂತಿಗೆ ತೂತು ಕೂತಿತು. ಎಡಗಡೆ ಇಟ್ಟರೆ ಮುಂದಿನ ಎರಡು ತೂತು ಕೂತವು, ಹಿಂದಿನವು ಅರ್ಧ ಬೆರಳು ಕೆಳಗೆ. ನಾನು ತಕ್ಷಣ ತೀರ್ಪು ಕೊಟ್ಟೆ. "ಕಾಕಾ, ಎಡಗಡೆ ಪೀಸ್ ತಪ್ಪು ಮಾಡ್ಯಾರ. ತೂತು ಅರದಿಂದ ಉಜ್ಜಿ ಉದ್ದ ಮಾಡೋಣು."

ಆಫೀಸಿನಲ್ಲೂ ನಾನು ಹಾಗೇ. ಹೊಸದಾಗಿ ಸೇರಿಸಿದ್ದು ಕೆಲಸ ಮಾಡದಿದ್ದರೆ ಹೊಸದರಲ್ಲೇ ದೋಷ ಅನ್ನುತ್ತೇನೆ.

ಕಾಕಾ ಏನೂ ಹೇಳದೆ ಎಡದ ಪಟ್ಟಿ ಮತ್ತು ಬಲದ ಪಟ್ಟಿ ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಹಿಡಿದರು. ಒಂದೊಂದು ತೂತಿನಲ್ಲೂ ಆಚೆಯ ಬೆಳಕು ಗುಂಡಗೆ ಕಾಣುತ್ತಿತ್ತು. ಅಂದರೆ ಎರಡೂ ಒಂದೇ ಅಳತೆ. ಬಲದ್ದು ಕೂತಿದೆ ಅಂದ ಮೇಲೆ ಎಡದ್ದು ಭಾಗದ ತಪ್ಪಲ್ಲ.

ಆಮೇಲೆ ಗೌಂಡಿಗಳು ಬಳಸುವ ನೀರಿನ ಟ್ಯೂಬ್ ತಂದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿದರೆ ನೀರಿನ ಮಟ್ಟ ಎರಡೂ ಕಡೆ ಒಂದೇ ಇರುತ್ತದೆ. ಅದರಿಂದ ಬಾಗಿಲ ಕೆಳಗಿನ ಎತ್ತರ ನಾಲ್ಕು ಕಡೆ ಗುರುತು ಮಾಡಿದರು. ಇನ್ನೊಂದು ಅಳತೆ ಬಾಗಿಲ ಚೌಕಟ್ಟಿನದು, ಮೂಲೆಯಿಂದ ಮೂಲೆಗೆ. ಎಡಕ್ಕೂ ಬಲಕ್ಕೂ 9 ಮಿ.ಮೀ. ವ್ಯತ್ಯಾಸ. ಗಾಡಿಯ ಎಡ ಮಗ್ಗುಲು ನಡುವಲ್ಲಿ ಕುಸಿದಿತ್ತು.

"ತೂತು ಉಜ್ಜಿದ್ರ ಪಟ್ಟಿ ಕೂರತದ ತಮ್ಮಾ. ಗಾಡಿ ಮಾತ್ರ ಹಿಂಗ ಸೊಟ್ಟಗ ಉಳೀತದ. ಸೊಟ್ಟ ಇದ್ದಲ್ಲೇ ಬಿಗಿ ಮಾಡಿದಂಗ" ಅಂದರು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ 1960ರ ದಶಕದ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡವರು ಎಂಜಿನ್ ಮೇಲೆ ಅಡ್ಡಕ್ಕೆ ಒಂದು ಬಲಕಂಬಿ ಹಾಕಿಸುತ್ತಾರೆ. ಎಡ-ಬಲದ ಸಸ್ಪೆನ್ಶನ್ ಗೋಪುರಗಳು ಒಂದರ ಕಡೆಗೊಂದು ವಾಲದಿರಲಿ ಅಂತ. ಈಗ ಸಿಗುವುದು ಹೆಚ್ಚಾಗಿ ನಕಲು ಕಂಬಿ. ತೂತು ಕೂರಲಿಲ್ಲ ಅಂತ ಎಷ್ಟೋ ಜನ ಕಂಬಿಯನ್ನು ಬೈಯುತ್ತಾರೆ. ಅರವತ್ತು ವರ್ಷದಲ್ಲಿ ಗೋಪುರಗಳೇ ಒಳಕ್ಕೆ ವಾಲಿರುವುದೂ ಉಂಟು. ಆಗ ಜಾಕ್ ಅಡ್ಡ ಇಟ್ಟು ಗೋಪುರಗಳನ್ನು ಮೆಲ್ಲಗೆ ಮೂಲ ಜಾಗಕ್ಕೆ ತಳ್ಳಿ ಕಂಬಿ ಕೂರಿಸಬೇಕು. ಕಂಬಿ ತಪ್ಪಿರುವುದೂ ಉಂಟು. ಯಾವುದು ಅಂತ ಅಳೆಯದೆ ಹೇಳಲು ಬರುವುದಿಲ್ಲ. ನಮ್ಮಲ್ಲಿ ಕ್ರಾಸ್ ಮೆಂಬರ್‌ನಲ್ಲಿ ತಪ್ಪು ಭಾಗದ್ದು, ಎಡಪಟ್ಟಿಯಲ್ಲಿ ತಪ್ಪು ಗಾಡಿಯದ್ದು.

ಡಾಂಬರಿನ ಕೆಳಗೆ

ಸೀಟು, ಮ್ಯಾಟು, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎಲ್ಲ ಬಿಚ್ಚಿದರು. ಟ್ಯಾಂಕ್ ಇಳಿಸದೆ ಹತ್ತಿರ ಬೆಂಕಿ ತರಲು ಕಾಕಾ ಒಪ್ಪುವವರಲ್ಲ. ಬಾಗಿಲ ಚೌಕಟ್ಟಿಗೆ ತಾತ್ಕಾಲಿಕವಾಗಿ ಆಂಗಲ್ ಬೆಸೆದರು. ಕೆಳಗಿನ ತಗಡು ಕತ್ತರಿಸಿದಾಗ ಗಾಡಿ ಇನ್ನಷ್ಟು ಕುಸಿಯಬಾರದಲ್ಲ. ಆಮೇಲೆ ಮರದ ದಿಮ್ಮಿ ಮೇಲೆ ಜಾಕ್ ಇಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪ ಎತ್ತಿದರು. ಎಷ್ಟು ಎತ್ತಬೇಕು ಅಂತ ತಿಳಿಯಲು ಅವ್ವ ಕೊಟ್ಟ ಲಗ್ನಪತ್ರಿಕೆಯೊಂದನ್ನು ಪಟ್ಟಿ ಕತ್ತರಿಸಿ, ಮಡಚಿ, ಬಾಗಿಲ ಸಂದಿಗೆ ಸುತ್ತ ತೂರಿಸಿ ನೋಡುತ್ತಿದ್ದರು. ಮೇಲೆ ಕೆಳಗೆ ಎಲ್ಲ ಕಡೆ ಅದೇ ಬಿಗಿಯಲ್ಲಿ ಜಾರಿದರೆ ಸರಿ.

ತುಕ್ಕು ತಗಡು ತೆಗೆದ ದಿನ ಅಪ್ಪನೂ ಇದ್ದರು. ತಗಡಿನ ಕೆಳಗೆ ದಪ್ಪಗೆ ಡಾಂಬರು ಬಳಿದಿತ್ತು. ಪೆಟ್ಟಿಗೆ ಪಟ್ಟಿಯ ಅಡಿಯಲ್ಲಿ ಕಂಪನಿಯವರು ಬಿಟ್ಟ ಸಣ್ಣ ತೂತುಗಳು ಇರುತ್ತವೆ, ಒಳಗೆ ಸೇರಿದ ಮಳೆನೀರು ಇಳಿಯಲಿ ಅಂತ. ಡಾಂಬರು ಅವೆಲ್ಲವನ್ನೂ ಮುಚ್ಚಿತ್ತು. ನೀರು ಒಳಗೇ ನಿಂತು ವರ್ಷಗಟ್ಟಲೆ ಒಳಗಿನಿಂದ ತಿಂದಿತ್ತು.

"ಇದು ಯಾರು ಹೊಡಿಸ್ಯಾರ?" ಅಂತ ಕಾಕಾ ಕೇಳಿದರು.

ಅಪ್ಪ ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡರು. "ನಾನ. ಇವನ ಶಾಲೀ ಫೀ ಕಟ್ಟೂದ ಮುಂದ ಹಾಕಿ ಹೊಡಿಸಿದ್ದೆ. ಗಾಡಿ ಬಾಳಿಕೆ ಬರತದ ಅಂದಿದ್ರು."

ಕಾಕಾ ಮತ್ತೇನೂ ಕೇಳಲಿಲ್ಲ. "ಇವತ್ತ ಬೆಸಿಗಿ ಕೆಲಸ, ಕಣ್ಣಿಗೆ ಹೊಡೀತದ. ಇಲ್ಲಿ ನಿಂತು ಏನ್ ಮಾಡ್ತೀರಿ? ರಾಕ್ ಗಾರ್ಡನ್‌ಗರ ಹೋಗಿ ಬರ್ರಿ" ಅಂದರು.

ಸಿಮೆಂಟಿನ ಊರಿನಲ್ಲಿ

ಇಬ್ಬರೇ ಹೋದೆವು. ಅಪ್ಪ ಮತ್ತು ನಾನು ಇಬ್ಬರೇ ಎಲ್ಲಿಗಾದರೂ ಹೋಗಿ ಎಷ್ಟು ವರ್ಷವಾಗಿತ್ತೋ.

ರಾಕ್ ಗಾರ್ಡನ್ ಅಂದರೆ ಕಲ್ಲಿನ ತೋಟ ಅಂದುಕೊಂಡು ಬರುವವರಿಗೆ ಇಲ್ಲಿ ಒಂದು ಊರೇ ಎದುರಾಗುತ್ತದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಮೂಡಿದ ಉತ್ತರ ಕರ್ನಾಟಕದ ಹಳ್ಳಿ. ಕಸುಬಿನವರು, ದನಕರು, ಮನೆಯಂಗಳ, ಎಲ್ಲ ಆಳೆತ್ತರದ ಶಿಲ್ಪಗಳು. ಸೊಲಬಕ್ಕನವರ ಅವರು ಚಿತ್ರಕಲೆಯ ಜೊತೆ ದೊಡ್ಡಾಟಕ್ಕಾಗಿಯೂ ದುಡಿದವರು. ಹಾಗಾಗಿಯೋ ಏನೋ, ಇಲ್ಲಿಯ ಒಂದೊಂದು ಗುಂಪೂ ರಂಗದ ಮೇಲಿನ ದೃಶ್ಯದ ಹಾಗೆ ನಿಂತಿದೆ. ರಾಜಕುಮಾರ್ ಅವರ ಸಿನಿಮಾ ಪಾತ್ರಗಳಿಗೂ ಒಂದು ಜಾಗ ಇದೆ. ಫೋಟೊ ತೆಗೆಸಿಕೊಳ್ಳುವ ಜನ ಅಲ್ಲೇ ಹೆಚ್ಚು.

ಹಿಂದೆಲ್ಲ ನಾನೂ ಫೋಟೊ ತೆಗೆದು ಮುಂದೆ ಹೋಗುತ್ತಿದ್ದೆ. ಆ ದಿನ ಮಾತ್ರ ಒಂದು ಎತ್ತಿನ ಕಾಲನ್ನು ನೋಡುತ್ತ ನಿಂತೆ. ಇಷ್ಟು ಭಾರದ ಸಿಮೆಂಟಿನ ಎತ್ತು ಇಷ್ಟು ಸಣ್ಣ ಕಾಲ ಮೇಲೆ ಹೇಗೆ ನಿಲ್ಲುತ್ತದೆ? ಇಂಥ ಶಿಲ್ಪಗಳಲ್ಲಿ ಭಾರ ಹೊರುವುದು ಒಳಗಿನ ಕಬ್ಬಿಣದ ಸರಳು ಮತ್ತು ಜಾಲರಿ. ಸಿಮೆಂಟು ಮೇಲಿನ ಚರ್ಮ. ಎಲ್ಲಾದರೂ ಬಿರುಕು ಬಿಟ್ಟು ನೀರು ಇಳಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಬಿರುಕನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ನಮ್ಮ ಪದ್ಮಿನಿಯ ರೋಗ ಮತ್ತು ಇದರ ರೋಗ ಒಂದೇ ಜಾತಿ. ಮೇಲೆ ಬಣ್ಣ ಬಳಿದರೆ ವಾಸಿಯಾಗುವಂಥದ್ದಲ್ಲ.

ಅಪ್ಪ ಎತ್ತಿನ ಕೊರಳಿನ ಕೆಳಗಿನ ತೊಗಲನ್ನು ನೋಡುತ್ತಿದ್ದರು. "ಇದು ನಕಲು ಅಂತ ಸಣ್ಣ ಹುಡುಗಗೂ ಗೊತ್ತಾಗತದ. ಆದ್ರ ಮಾಡಿದಾವ ಖರೇ ಎತ್ತು ನೋಡಿ ಮಾಡ್ಯಾನ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ನಾ ಆ ಡಾಂಬರ್ ಹೊಡಿಸಿದಾಗ ಕೆಳಗ ಬಗ್ಗಿ ನೋಡಲೇ ಇಲ್ಲ ತಮ್ಮಾ. ರೊಕ್ಕ ಕೊಟ್ಟೆ, ಬಂದೆ" ಅಂದರು.

ಏನು ಹೇಳಬೇಕೋ ಗೊತ್ತಾಗಲಿಲ್ಲ. ನಾನೂ ಅಷ್ಟೇ ತಾನೆ? ತಿಂಗಳಿಗೊಮ್ಮೆ ದುಡ್ಡು ಹಾಕುತ್ತೇನೆ, ವಾರಕ್ಕೊಮ್ಮೆ ಫೋನ್ ಮಾಡಿ "ಆರಾಮ ಇದ್ದೀರಲ್ಲ?" ಅಂತ ಕೇಳುತ್ತೇನೆ, "ಆರಾಮ" ಅಂದರೆ ಇಡುತ್ತೇನೆ. ಕಾರು ಎಡಕ್ಕೆ ಕುಸಿದದ್ದು ಒಂದು ದಿನದಲ್ಲಿ ಅಲ್ಲ. ಹಬ್ಬಕ್ಕೆ ಬಂದಾಗೆಲ್ಲ ಅದೇ ಬಾಗಿಲನ್ನು ಸ್ವಲ್ಪ ಜೋರಾಗಿ ಎಳೆದು ಹಾಕಿದ್ದು ನಾನೇ.

"ನಾನೂ ನೋಡಲಿಲ್ಲ ಅಪ್ಪಾ" ಅಂದೆ. ಅಪ್ಪ ನಕ್ಕರು. ಹೊರಗೆ ಬಂದು ಮಿರ್ಚಿ ತಿಂದೆವು.

ಅದೇ ಪಾರ್ಕಿಂಗ್

ಉಳಿದ ಕೆಲಸ ಮೂರು ದಿನ ಹಿಡಿಯಿತು. ಕಾಕಾ ಒಂದೇ ಕಡೆ ಉದ್ದಕ್ಕೆ ಬೆಸೆಯಲಿಲ್ಲ. ಮುಂದೆ ಒಂದು ಚುಕ್ಕೆ, ಹಿಂದೆ ಒಂದು ಚುಕ್ಕೆ, ನಡುವೆ ಒಂದು. ಒಂದೇ ಕಡೆ ಕಾಯಿಸಿದರೆ ತೆಳು ತಗಡು ಸೆಟೆದುಕೊಳ್ಳುತ್ತದೆ. ನಾಲ್ಕು ಚುಕ್ಕೆಗೊಮ್ಮೆ ಬಾಗಿಲು ಹಾಕಿ ತೆಗೆದು ನೋಡುವುದು. ಎರಡು ತಗಡು ಕೂಡುವ ಜಾಗಕ್ಕೆ ಬೆಸೆಯುವ ಮೊದಲೇ ಜಿಂಕ್ ಪ್ರೈಮರ್. ಎಲ್ಲ ಮುಗಿದ ಮೇಲೆ ಪೆಟ್ಟಿಗೆಯ ಒಳಗೆ ಮೇಣದಂಥ ಎಣ್ಣೆ. ಕೈಕೆಳಗಿನ ಹುಡುಗ ಅಡಿಯ ತೂತುಗಳಿಗೆ ಪುಟ್ಟಿ ಮೆತ್ತಲು ಹೋದಾಗ ಅಪ್ಪನೇ ಕೂಗಿದರು, "ಏ, ಅದನ್ನ ಮುಚ್ಚಬ್ಯಾಡೋ!"

ಎಲ್ಲ ಸೇರಿ 41 ಸಾವಿರ ಖರ್ಚಾಯಿತು. ಗಾಡಿಯನ್ನು ಮಾರಿದರೆ ಅಷ್ಟು ಬರುತ್ತದೋ ಇಲ್ಲವೋ, ನಾನು ವಿಚಾರಿಸಲಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ತಪಾಸಣೆಯೂ ಇರುತ್ತದೆ. ಈ ಸಲ ಗಾಡಿಯ ಕೆಳಗೆ ಬಗ್ಗಿ ನೋಡಲಿ ಅಂತ ನಾವೇ ಕಾಯುತ್ತಿದ್ದೇವೆ.

ಬೆಂಗಳೂರಿಗೆ ಹೊರಡುವ ಹಿಂದಿನ ಸಂಜೆ ಅಪ್ಪ "ಗೊಟಗೋಡಿಗೆ ಹೋಗಿ ಬರೂಣು" ಅಂದರು. ಅವ್ವ, "ಮತ್ತ ಅಲ್ಲೇನು ನೋಡೂದೈತಿ?" ಅಂದಳು. ಒಳಗೆ ಹೋಗಲಿಲ್ಲ. ಅದೇ ಪಾರ್ಕಿಂಗ್‌ನಲ್ಲಿ, ಅದೇ ಜಾಗದ ಹತ್ತಿರ ನಿಲ್ಲಿಸಿದರು. ಡಿಕ್ಕಿಯಿಂದ ಜಾಕ್ ತೆಗೆದರು. ಟೈರಿಗೆ ಏನೂ ಆಗಿರಲಿಲ್ಲ. ಬಾಗಿಲ ಕೆಳಗೆ ಇಟ್ಟು ಹ್ಯಾಂಡಲ್ ನನ್ನ ಕೈಗೆ ಕೊಟ್ಟರು. ಜಾಕ್ ಏರಿತು. ಗಾಡಿಯೂ ಏರಿತು. ಹಿಂದಿನ ಚಕ್ರ ನೆಲ ಬಿಟ್ಟಾಗ ಅಪ್ಪ ಎಡಗಡೆಯ ಬಾಗಿಲು ತೆಗೆದು ಹಾಕಿದರು. ಮತ್ತೊಮ್ಮೆ ತೆಗೆದು ಹಾಕಿದರು. ಮೂರನೇ ಸಲ ಎರಡು ಬೆರಳಲ್ಲಿ ನೂಕಿದರು. ಟಕ್ ಅಂತ ಕೂತಿತು.

"ಸಾಕ್ರೀ, ಬಾಗಲಾ ಕಿತ್ತು ಬರತದ" ಅಂದಳು ಅವ್ವ.

ಹೋಗುವವರಿಗೆ: ಗೊಟಗೋಡಿ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಬೆಂಗಳೂರಿನಿಂದ ಸುಮಾರು 370 ಕಿ.ಮೀ., ಹುಬ್ಬಳ್ಳಿಯಿಂದ ಮುಕ್ಕಾಲು ಗಂಟೆಯ ದಾರಿ. ರಾಕ್ ಗಾರ್ಡನ್‌ಗೆ ಟಿಕೆಟ್ ಇದೆ, ನಡೆದು ನೋಡಲು ಅರ್ಧ ದಿನ ಇಟ್ಟುಕೊಳ್ಳಿ, ಬಿಸಿಲಿಗೆ ಟೋಪಿ ಇರಲಿ. ಜೊತೆಗೆ ಬಂಕಾಪುರದ ಕೋಟೆ ಮತ್ತು ನವಿಲುಧಾಮ, ಕನಕದಾಸರ ಹುಟ್ಟೂರು ಬಾಡ, ಶಿಶುನಾಳ ಶರೀಫರ ಊರು ಎಲ್ಲ ಇದೇ ತಾಲ್ಲೂಕಿನಲ್ಲಿ ಸಿಗುತ್ತವೆ. ಸವಣೂರಿಗೆ ಹೋದರೆ ಖಾರಾ ಕಟ್ಟಿಸಿಕೊಳ್ಳಲು ಮರೆಯಬೇಡಿ. ಮನೆಯ ಹಳೇ ಕಾರಿನಲ್ಲೇ ಹೊರಡುವುದಾದರೆ, ಹೊರಡುವ ಮೊದಲು ಮನೆ ಅಂಗಳದಲ್ಲೇ ಒಮ್ಮೆ ಜಾಕ್ ಏರಿಸಿ ಬಾಗಿಲು ಹಾಕಿ ನೋಡಿ.